ಬಳಸಿದ ಗಣಕಯಂತ್ರದ ಖರೀದಿ: ಉಳಿತಾಯ ಎಲ್ಲಿ, ನಷ್ಟ ಎಲ್ಲಿ?

ವರ್ತಕನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಕಾಲಕ್ಕೆ ಕಿರ್ದಿ ಹಾಗೂ ಖತಾವಣಿ ಪುಸ್ತಕಗಳಿಗಿದ್ದ ಸ್ಥಾನದಲ್ಲಿ ಇಂದು ಗಣಕಯಂತ್ರ ಕುಳಿತಿದೆ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ಮೇಲೆ ಅದು ಅನುಕೂಲದ ವಸ್ತುವಾಗಿ ಉಳಿದಿಲ್ಲ, ಅನಿವಾರ್ಯದ ವಸ್ತುವಾಗಿದೆ. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾದಾಗ, ಅದೇ ದಿನದಿಂದ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ಮೊದಲ ರಾಜ್ಯ ನಮ್ಮ ಕರ್ನಾಟಕವೇ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರು ಇತರ ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ ಇ-ಇನ್‌ವಾಯ್ಸ್ ತೆಗೆಯಲೇಬೇಕಾಗಿದೆ. ಯಂತ್ರ ನಿಂತರೆ ಲಾರಿ ನಿಲ್ಲುತ್ತದೆ ಎಂಬ ಸ್ಥಿತಿ ಬಂದಿದೆ.

ಇಂತಹ ಯಂತ್ರವನ್ನು ಹೊಸದಾಗಿಯೇ ಕೊಳ್ಳಬೇಕೆ, ಅಥವಾ ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಯಂತ್ರವನ್ನು ಕಡಿಮೆ ಬೆಲೆಗೆ ತಂದು ಕೆಲಸ ಸಾಗಿಸಬಹುದೇ ಎಂಬ ಪ್ರಶ್ನೆಯನ್ನು ನಮ್ಮ ವರ್ತಕ ಬಾಂಧವರು ಮೇಲಿಂದ ಮೇಲೆ ಕೇಳುತ್ತಿರುತ್ತಾರೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿದ ಮೇಲೆ ಈ ಪ್ರಶ್ನೆಗೆ ಇನ್ನಷ್ಟು ತುರ್ತು ಬಂದಿದೆ. ಬಳಸಿದ ಯಂತ್ರವನ್ನು ಕೊಳ್ಳಬಹುದು, ಆದರೆ ಉಳಿಸಿದ ಹಣದಲ್ಲಿ ಒಂದು ಪಾಲನ್ನು ತಕ್ಕ ಸ್ಥಳದಲ್ಲಿ ಮರಳಿ ಹೂಡಲೇಬೇಕು ಎಂಬುದು ಸ್ವಂತ ಅನುಭವದಿಂದ ನಾನು ಕಂಡುಕೊಂಡ ಉತ್ತರ. ಆ ಅನುಭವವನ್ನು ಮೊದಲು ಹೇಳಿ, ಅನಂತರ ಕ್ರಮಗಳ ವಿಚಾರಕ್ಕೆ ಬರುತ್ತೇನೆ.

ಒಂದು ಕಹಿ ಅನುಭವ

ದಾವಣಗೆರೆಯಲ್ಲಿ ನಮ್ಮದು ಪೈಪು ಮತ್ತು ಫಿಟ್ಟಿಂಗ್‌ಗಳ ಸಗಟು ವ್ಯಾಪಾರ. 2019ರ ಆಗಸ್ಟ್‌ನಲ್ಲಿ ಅಂಗಡಿಗೆಂದು ಬಳಸಿದ ಎರಡು ಗಣಕಯಂತ್ರಗಳನ್ನು ತಂದೆವು. ಮಾರಿದವರು ಹಾರ್ಡ್‌ಡಿಸ್ಕ್ ಬದಲಿಸಿಕೊಳ್ಳುವಂತೆ ಸೂಚಿಸಿದ್ದುಂಟು. ಚೆನ್ನಾಗಿ ಓಡುತ್ತಿರುವುದನ್ನು ಏಕೆ ಬದಲಿಸಬೇಕೆಂದು ನಾನೇ ಬೇಡವೆಂದೆ. ಲೆಕ್ಕದ ಪ್ರತಿಯನ್ನು ಹುಡುಗ ದಿನವೂ ತಪ್ಪದೆ ತೆಗೆಯುತ್ತಿದ್ದ. ಆದರೆ ಅದು ಅದೇ ಡಿಸ್ಕ್‌ನ ‘ಡಿ’ ಭಾಗದಲ್ಲಿ ಇರುತ್ತಿತ್ತು.

ನವೆಂಬರ್ 18ರ ಬೆಳಿಗ್ಗೆ ಯಂತ್ರ ಏಳಲಿಲ್ಲ. ಡಿಸ್ಕ್ ಕೆಟ್ಟಿತ್ತು. ಅದರೊಡನೆ ‘ಸಿ’ಯೂ ಹೋಯಿತು, ‘ಡಿ’ಯೂ ಹೋಯಿತು. ಹೊರಗೆ ಉಳಿದಿದ್ದುದು ಅರ್ಧವಾರ್ಷಿಕ ಪರಿಶೀಲನೆಗೆಂದು ಲೆಕ್ಕ ಪರಿಶೋಧಕರು ಸೆಪ್ಟೆಂಬರ್ 30ರಂದು ಒಯ್ದಿದ್ದ ಪ್ರತಿ ಮಾತ್ರ. ಏಳು ವಾರಗಳ ಲೆಕ್ಕವನ್ನು ಬಿಲ್ಲು ಪುಸ್ತಕಗಳಿಂದಲೂ, ಸರಬರಾಜುದಾರರು ಕಳಿಸಿದ ಲೆಕ್ಕಪಟ್ಟಿಗಳಿಂದಲೂ, ಬ್ಯಾಂಕಿನ ಪಾಸ್‌ಬುಕ್ಕಿನಿಂದಲೂ ಮೂವರು ಕುಳಿತು ರಾತ್ರಿಯೆಲ್ಲ ಮತ್ತೆ ಬರೆದೆವು. 20ರಂದು ಸಲ್ಲಿಸಬೇಕಿದ್ದ ಜಿಎಸ್‌ಟಿಆರ್-3ಬಿ ವಿವರವನ್ನು 29ರಂದು ಸಲ್ಲಿಸಿದೆವು. ದಿನಕ್ಕೆ 50 ರೂಪಾಯಿಯಂತೆ 450 ರೂಪಾಯಿ ವಿಳಂಬ ಶುಲ್ಕ, ಜೊತೆಗೆ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ದರದಲ್ಲಿ ಬಡ್ಡಿ. ಇಷ್ಟನ್ನು ವ್ಯಾಪಾರದ ಖರ್ಚೆಂದು ಸಹಿಸಬಹುದಿತ್ತು.

ಸಹಿಸಲಾಗದ್ದು ಬೇರೆ ಇತ್ತು. ಹರಿಹರದ ಕಡೆಯ ಹಳ್ಳಿಯೊಂದರ ಚಿಲ್ಲರೆ ವ್ಯಾಪಾರಿಯೊಬ್ಬರು ದೀಪಾವಳಿಗೆ ಮುನ್ನ ನಗದು ಕೊಟ್ಟು ಬಾಕಿ ತೀರಿಸಿದ್ದರು. ಮಗ ಅದನ್ನು ನೇರವಾಗಿ ಯಂತ್ರಕ್ಕೆ ಏರಿಸಿದ್ದ, ಕಾಗದದ ರಸೀದಿ ಹರಿದಿರಲಿಲ್ಲ. ಮತ್ತೆ ಬರೆದ ಲೆಕ್ಕದಲ್ಲಿ ಆ ಜಮೆ ಬರಲಿಲ್ಲ. ಡಿಸೆಂಬರ್‌ನಲ್ಲಿ ನಾನೇ ಫೋನ್ ಮಾಡಿ ಬಾಕಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಾವ್ಕಾರ್ರೇ, ಆ ರೊಕ್ಕ ದೀಪಾವಳಿಗೂ ಮುಂಚೆ ನಿಮ್ಮ ಮಗನ ಕೈಗೆ ಕೊಟ್ಟಿದ್ನಲ್ರೀ. ಇಪ್ಪತ್ತು ವರ್ಷದ ಲೆಕ್ಕ ನಮ್ದು, ಯಾವತ್ತೂ ಹಿಂಗೆ ಕೇಳಿರಲಿಲ್ಲ” ಎಂದರು. ಮಗನನ್ನು ವಿಚಾರಿಸಿದಾಗ ಅವನಿಗೂ ನೆನಪು ಬಂತು. ಕ್ಷಮೆ ಕೇಳಿದೆ. ಅವರು ದೊಡ್ಡ ಮನಸ್ಸಿನಿಂದ ಅದನ್ನು ಅಲ್ಲಿಗೇ ಬಿಟ್ಟರು. ಆದರೆ ಅಂದಿನಿಂದ ಅವರು ಪ್ರತಿ ಬಾರಿಯೂ ರಸೀದಿ ಕೇಳಿ ಪಡೆಯುತ್ತಾರೆ.

ಎರಡನೆಯ ಯಂತ್ರಕ್ಕೆ ಆ ವಾರವೇ ಹೊಸ ಡಿಸ್ಕ್ ಹಾಕಿಸಿದೆವು. ಮೊದಲನೆಯದಕ್ಕೂ ಹೊಸ ಡಿಸ್ಕ್ ಹಾಕಿದ ಮೇಲೆ ಅದು ಮುಂದೆ ನಾಲ್ಕು ವರ್ಷ ಯಾವ ತೊಂದರೆಯನ್ನೂ ಕೊಡದೆ ದುಡಿಯಿತು. ಹೀಗಾಗಿ ದೋಷ ಹಳೆಯ ಯಂತ್ರದ್ದಲ್ಲ, ಉಳಿತಾಯದ ಸ್ಥಳವನ್ನು ತಪ್ಪಾಗಿ ಆರಿಸಿಕೊಂಡ ನನ್ನದು.

ಈ ಯಂತ್ರಗಳು ಎಲ್ಲಿಂದ ಬರುತ್ತವೆ?

ಬೆಂಗಳೂರಿನ ತಂತ್ರಾಂಶ ಕಂಪನಿಗಳು, ಬ್ಯಾಂಕುಗಳು ಮತ್ತು ದೊಡ್ಡ ಕಚೇರಿಗಳು ಗಣಕಯಂತ್ರಗಳನ್ನು ಸಾಮಾನ್ಯವಾಗಿ ಮೂರರಿಂದ ಐದು ವರ್ಷಗಳ ಗುತ್ತಿಗೆಗೆ ಅಥವಾ ಖಾತರಿ ಅವಧಿಗೆ ಇಟ್ಟುಕೊಂಡು, ಅವಧಿ ಮುಗಿದೊಡನೆ ಒಟ್ಟಾಗಿ ವಿಲೇವಾರಿ ಮಾಡುತ್ತವೆ. ಇವು ಸಗಟು ಖರೀದಿದಾರರ ಮೂಲಕ ಸಾದರ ಪತ್ರಪ್ಪ ರಸ್ತೆ, ಅಂದರೆ ಎಲ್ಲರೂ ಎಸ್.ಪಿ. ರೋಡ್ ಎಂದು ಕರೆಯುವ ಮಾರುಕಟ್ಟೆಗೂ, ಅಲ್ಲಿಂದ ಜಿಲ್ಲಾ ಕೇಂದ್ರಗಳ ಅಂಗಡಿಗಳಿಗೂ ಬರುತ್ತವೆ.

ಇವುಗಳಲ್ಲಿ ಡೆಲ್ ಕಂಪನಿಯ ಆಪ್ಟಿಪ್ಲೆಕ್ಸ್, ಎಚ್‌ಪಿ ಕಂಪನಿಯ ಪ್ರೊಡೆಸ್ಕ್ ಮತ್ತು ಎಲೀಟ್‌ಡೆಸ್ಕ್, ಲೆನೊವೊ ಕಂಪನಿಯ ಥಿಂಕ್‌ಸೆಂಟರ್ ಶ್ರೇಣಿಗಳು ಮುಖ್ಯವಾದವು. ಕಚೇರಿ ಬಳಕೆಗೆಂದೇ ತಯಾರಾದ ಇವುಗಳ ಕವಚವನ್ನು ಹೆಚ್ಚಿನ ಉಪಕರಣವಿಲ್ಲದೆ ತೆರೆಯಬಹುದು. ಒಂದೇ ಮಾದರಿ ಸಾವಿರಗಟ್ಟಲೆ ಮಾರಾಟವಾಗಿರುವುದರಿಂದ ಬಿಡಿಭಾಗಗಳೂ ಹಳೆಯ ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಯಾರದೋ ಕೈಯಲ್ಲಿ ಬಿಡಿಭಾಗಗಳನ್ನು ಸೇರಿಸಿ ಜೋಡಿಸಿದ ಹಳೆಯ ಯಂತ್ರಕ್ಕಿಂತ ಇವು ಮೇಲು. ಆದರೆ ಒಂದು ಎಚ್ಚರಿಕೆ ಅಗತ್ಯ. ಇವುಗಳ ಪವರ್ ಸಪ್ಲೈ ಮತ್ತು ಮದರ್‌ಬೋರ್ಡ್‌ಗಳು ಹೆಚ್ಚಾಗಿ ಆಯಾ ಕಂಪನಿಯ ಅಳತೆಯವು. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಪವರ್ ಸಪ್ಲೈ ಇವಕ್ಕೆ ಹೊಂದುವುದಿಲ್ಲ. ಎರಡು ಅಥವಾ ಹೆಚ್ಚು ಯಂತ್ರ ಬೇಕಿದ್ದವರು ಒಂದೇ ಮಾದರಿಯನ್ನು ಕೊಂಡರೆ, ಆಪತ್ತಿಗೆ ಒಂದರ ಭಾಗ ಇನ್ನೊಂದಕ್ಕೆ ಒದಗುತ್ತದೆ.

ತಲೆಮಾರನ್ನು ನೋಡಿ ಕೊಳ್ಳಿ

ಅಂಗಡಿಯವರು “ಐ5 ಯಂತ್ರ” ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗಲಿಲ್ಲ. ಐ5 ಎಂಬ ಹೆಸರು 2009ರಿಂದ ಇದೆ. ಅದರ ಮುಂದಿನ ಅಂಕಿಯೇ ಮುಖ್ಯ. ಐ5-6500 ಎಂದರೆ ಆರನೆಯ ತಲೆಮಾರು, ಐ5-8500 ಎಂದರೆ ಎಂಟನೆಯದು, ಐ5-10500 ಎಂದರೆ ಹತ್ತನೆಯದು.

ಈ ಭೇದ ಇಂದು ನಿರ್ಣಾಯಕ. 2021ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ಅಥವಾ ಅದರ ಮುಂದಿನ ತಲೆಮಾರಿನ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಹಾಗೂ ಸೆಕ್ಯೂರ್ ಬೂಟ್ ಸೌಲಭ್ಯ ಬೇಕು. ಆರು ಮತ್ತು ಏಳನೆಯ ತಲೆಮಾರಿನ ಯಂತ್ರಗಳು ವೇಗದಲ್ಲಿ ಕಚೇರಿ ಕೆಲಸಕ್ಕೆ ಸಾಕಾದರೂ ಮೈಕ್ರೋಸಾಫ್ಟ್ ಅವುಗಳನ್ನು ವಿಂಡೋಸ್ 11ಕ್ಕೆ ಒಪ್ಪುವುದಿಲ್ಲ. ಹಾಗಾಗಿ ಅವು ಮಾರುಕಟ್ಟೆಯಲ್ಲಿ ಬಹಳ ಅಗ್ಗವಾಗಿ ಕಾಣುತ್ತವೆ. ಕೆಲವರು ಪರಿಶೀಲನೆಯನ್ನು ತಪ್ಪಿಸುವ ಉಪಾಯದಿಂದ ಅಂತಹ ಯಂತ್ರದಲ್ಲಿ ವಿಂಡೋಸ್ 11 ಹಾಕಿಕೊಡುವುದುಂಟು. ತೆರೆಯ ಮೇಲೆ ಎಲ್ಲವೂ ಸರಿಯಾಗಿ ಕಂಡರೂ ಮುಂದಿನ ಭದ್ರತಾ ಪರಿಷ್ಕರಣೆಗಳು ಬಂದೇ ಬರುತ್ತವೆ ಎಂಬ ಖಾತರಿ ಇರದು. ವಿಂಡೋಸ್ 10ಕ್ಕೆ ಹಣ ತೆತ್ತು ವಿಸ್ತರಿತ ರಕ್ಷಣೆ ಪಡೆಯುವ ಮಾರ್ಗ ಸಂಸ್ಥೆಗಳಿಗಿದೆ. ಅದು ಗರಿಷ್ಠ ಮೂರು ವರ್ಷಕ್ಕೆ, ಅದೂ ವರ್ಷದಿಂದ ವರ್ಷಕ್ಕೆ ಏರುವ ದರದಲ್ಲಿ. ಹೊಸದಾಗಿ ಕೊಳ್ಳುವವರು ಆ ದಾರಿ ಹಿಡಿಯಬೇಕಾದ ಕಾರಣವಿಲ್ಲ.

ಮಾದರಿ ಸಂಖ್ಯೆಯಿಂದಲೂ ತಲೆಮಾರನ್ನು ಗುರುತಿಸಬಹುದು. ಡೆಲ್ ಆಪ್ಟಿಪ್ಲೆಕ್ಸ್‌ನಲ್ಲಿ 3050, 5050, 7050 ಎಂಬವು ಆರು ಹಾಗೂ ಏಳನೆಯ ತಲೆಮಾರಿನವು. 3060, 5060, 7060 ಎಂಬವು ಎಂಟನೆಯ ತಲೆಮಾರಿನವು. ಎಚ್‌ಪಿ ಎಲೀಟ್‌ಡೆಸ್ಕ್ 800ರಲ್ಲಿ ‘ಜಿ3’ ಹಳೆಯದು, ‘ಜಿ4’ ಎಂಟನೆಯ ತಲೆಮಾರಿನದು. ಥಿಂಕ್‌ಸೆಂಟರ್‌ನಲ್ಲಿ ಎಂ710, ಎಂ910 ಹಳೆಯವು. ಎಂ720, ಎಂ920 ನಮಗೆ ಬೇಕಾದವು. ಇದರ ಮೇಲೂ ಅನುಮಾನವಿದ್ದರೆ ಮೈಕ್ರೋಸಾಫ್ಟ್‌ನ ಉಚಿತ ‘ಪಿಸಿ ಹೆಲ್ತ್ ಚೆಕ್’ ತಂತ್ರಾಂಶವನ್ನು ಅಂಗಡಿಯಲ್ಲಿಯೇ ಓಡಿಸಿ ನೋಡಬಹುದು.

ಲೆಕ್ಕಪತ್ರ, ಬಿಲ್ಲು, ಜಿಎಸ್‌ಟಿ ಜಾಲತಾಣ ಇಷ್ಟಕ್ಕೆ 8 ಜಿಬಿ ಮೆಮೊರಿ ಸಾಕು. ನಾಲ್ಕಾರು ಕೆಲಸಗಳನ್ನು ಒಟ್ಟಿಗೆ ತೆರೆದಿಡುವವರಿಗೆ 16 ಜಿಬಿ ಒಳ್ಳೆಯದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ಜಗತ್ತಿನಾದ್ಯಂತ ತೀವ್ರವಾಗಿ ಏರಿತು. ಆದ್ದರಿಂದ ಆಮೇಲೆ ಸೇರಿಸೋಣವೆಂದು ಮುಂದೂಡದೆ, ಬೇಕಾದಷ್ಟು ಮೆಮೊರಿ ಈಗಾಗಲೇ ಇರುವ ಯಂತ್ರವನ್ನೇ ಆರಿಸುವುದು ಲೇಸು.

ಅಂಗಡಿಯಲ್ಲಿ ಅರ್ಧ ಗಂಟೆ

ಹಣ ಕೊಡುವ ಮುನ್ನ ಯಂತ್ರದ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ. ಕಾಳು ಕೊಳ್ಳುವಾಗ ಚೀಲಕ್ಕೆ ಬಾಂಬು ಚುಚ್ಚಿ ಮಾದರಿ ನೋಡುವ ನಾವು ಇಲ್ಲಿ ಸಂಕೋಚಪಡಬೇಕಿಲ್ಲ.

ಮೊದಲು ಕವಚ ತೆರೆಸಿ. ಧೂಳು ಇದ್ದರೆ ಚಿಂತೆಯಿಲ್ಲ, ಅದನ್ನು ತೆಗೆಯಬಹುದು. ಮದರ್‌ಬೋರ್ಡ್ ಮೇಲಿನ ಉರುಟಾದ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಎಲ್ಲಿಯಾದರೂ ಸುಟ್ಟ ಕಲೆ ಅಥವಾ ತುಕ್ಕು ಕಂಡರೆ ಆ ಯಂತ್ರ ಬೇಡ. ಬಳಿಕ ಯಂತ್ರವನ್ನು ಚಾಲೂ ಮಾಡಿ, ಪ್ರಾರಂಭದಲ್ಲಿಯೇ ಬಯಾಸ್ ವ್ಯವಸ್ಥೆಗೆ ಹೋಗಿ. ಅಲ್ಲಿ ಸಂಕೇತಪದ ಕೇಳಿದರೆ, ಹಿಂದಿನ ಕಂಪನಿ ಹಾಕಿದ ಬೀಗ ಇನ್ನೂ ತೆಗೆದಿಲ್ಲವೆಂದು ಅರ್ಥ. ಮಾರುವವರು ಅದನ್ನು ತೆಗೆಸಿಕೊಟ್ಟ ಮೇಲೆಯೇ ಮುಂದಿನ ಮಾತು. ದಿನಾಂಕ ಮತ್ತು ಸಮಯ ಹಿಂದಕ್ಕೆ ಹೋಗಿದ್ದರೆ ಗುಂಡಿ ಆಕಾರದ ಸಿಆರ್2032 ಬ್ಯಾಟರಿ ಮುಗಿದಿದೆ. ಅದು ಸಣ್ಣ ಖರ್ಚು.

ಡಿಸ್ಕ್‌ನ ಆರೋಗ್ಯವನ್ನು ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಎಂಬ ಉಚಿತ ತಂತ್ರಾಂಶ ತೋರಿಸುತ್ತದೆ. ಅದು ಎಷ್ಟು ಗಂಟೆ ಓಡಿದೆ ಎಂಬುದನ್ನೂ ಹೇಳುತ್ತದೆ. ದಿನಕ್ಕೆ 9 ಗಂಟೆ, ವರ್ಷಕ್ಕೆ 300 ದಿನ, ಐದು ವರ್ಷ ಎಂದು ಲೆಕ್ಕ ಹಾಕಿದರೆ 13,500 ಗಂಟೆಯಾಗುತ್ತದೆ. ತೆರೆಯ ಮೇಲೆ 40,000 ಕಂಡರೆ ಅದು ಹಗಲುರಾತ್ರಿ ದುಡಿದ ಯಂತ್ರ. ಡಿಸ್ಕನ್ನು ನಾವು ಬದಲಿಸುವವರಿದ್ದರೂ, ಫ್ಯಾನ್ ಮತ್ತು ಪವರ್ ಸಪ್ಲೈಗಳು ಎಷ್ಟು ಸವೆದಿರಬಹುದೆಂಬುದಕ್ಕೆ ಈ ಸಂಖ್ಯೆ ಸುಳಿವು ನೀಡುತ್ತದೆ.

ಅನಂತರ ಎಲ್ಲ ಯುಎಸ್‌ಬಿ ಕಿಂಡಿಗಳಿಗೂ ಒಂದು ಪೆನ್‌ಡ್ರೈವ್ ಹಾಕಿ ತೆಗೆಯಿರಿ. ನೆಟ್‌ವರ್ಕ್ ಕೇಬಲ್ ಜೋಡಿಸಿ ನೋಡಿ. ಯಂತ್ರ ಬಿಸಿಯಾಗುವವರೆಗೆ ಓಡಲಿ. ಇಪ್ಪತ್ತು ನಿಮಿಷದ ಬಳಿಕ ಫ್ಯಾನ್ ಅಬ್ಬರಿಸತೊಡಗಿದರೆ ಅಥವಾ ಯಂತ್ರ ತಾನಾಗಿ ನಿಂತರೆ ಬೇರೆಯದನ್ನು ಕೇಳಿ. ಇವುಗಳ ಹಿಂಬದಿಯಲ್ಲಿ ಅನೇಕ ವೇಳೆ ಡಿಸ್‌ಪ್ಲೇ ಪೋರ್ಟ್ ಮಾತ್ರ ಇರುತ್ತದೆ. ನಮ್ಮ ಹಳೆಯ ಮಾನಿಟರ್‌ಗೆ ವಿಜಿಎ ಮಾತ್ರ ಇದ್ದರೆ ಪರಿವರ್ತಕವನ್ನು ಆಗಲೇ ಕೇಳಿ ಪಡೆಯಬೇಕು. ವೈ-ಫೈ ಸಹ ಹಲವು ಯಂತ್ರಗಳಲ್ಲಿ ಇರುವುದಿಲ್ಲ.

ಬಿಲ್ಲು ಇಲ್ಲದ ಖರೀದಿ ಬೇಡ

ಯಂತ್ರದ ಕ್ರಮಸಂಖ್ಯೆಯನ್ನು ನಮೂದಿಸಿದ ಬಿಲ್ಲನ್ನೇ ಪಡೆಯಬೇಕು. ಕಳವಿನ ಮಾಲೆಂಬ ಆರೋಪ ಬಂದರೆ ನಮ್ಮನ್ನು ಕಾಯುವುದು ಅದೊಂದೇ. ಗಣಕಯಂತ್ರದ ಮೇಲಿನ ಜಿಎಸ್‌ಟಿ ಶೇ. 18. ಆದರೆ ಬಳಸಿದ ವಸ್ತುಗಳ ವ್ಯಾಪಾರಿಯು ತಾನು ಕೊಂಡಾಗ ಹೂಡುವಳಿ ತೆರಿಗೆಯ ಜಮೆ ಪಡೆದಿಲ್ಲವಾದರೆ, ಕೇಂದ್ರ ಜಿಎಸ್‌ಟಿ ನಿಯಮಾವಳಿಯ 32(5)ನೆಯ ನಿಯಮದಂತೆ ಕೊಂಡ ಬೆಲೆ ಹಾಗೂ ಮಾರಿದ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಹಾಗಾಗಿ ಎರಡು ಅಂಗಡಿಗಳ ಬೆಲೆಯನ್ನು ಹೋಲಿಸುವಾಗ ತೆರಿಗೆಯನ್ನು ಯಾವ ಕ್ರಮದಲ್ಲಿ ಹಾಕಿದ್ದಾರೆಂದು ಕೇಳಿ ತಿಳಿಯಬೇಕು. ಬಿಲ್ಲಿನಲ್ಲಿ ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸದಿದ್ದರೆ ನಮಗೆ ಜಮೆ ಸಿಗುವ ನಿರೀಕ್ಷೆ ಬೇಡ.

ಇನ್ನೊಂದು ಅಂಶವನ್ನು ಅನೇಕರು ಮರೆಯುತ್ತಾರೆ. ಒಬ್ಬರಿಗೆ ಒಂದೇ ದಿನದಲ್ಲಿ 10,000 ರೂಪಾಯಿ ಮೀರಿ ನಗದಾಗಿ ಕೊಟ್ಟು ಕೊಂಡ ಆಸ್ತಿಯ ಆ ವೆಚ್ಚ, 2017-18ನೆಯ ಹಣಕಾಸು ವರ್ಷದಿಂದ ಬಂದ ಆದಾಯ ತೆರಿಗೆ ನಿಬಂಧನೆಯಂತೆ, ಆಸ್ತಿಯ ಮೂಲಬೆಲೆಗೆ ಸೇರುವುದಿಲ್ಲ. ಅಂದರೆ ಅದರ ಮೇಲೆ ಸವಕಳಿಯೂ ದೊರೆಯದು. ಗಣಕಯಂತ್ರದ ಸವಕಳಿ ದರ ಶೇ. 60ರಿಂದ 40ಕ್ಕೆ ಇಳಿದುದೂ ಅದೇ ವರ್ಷ. ನಗದು ರಿಯಾಯಿತಿಯ ಆಸೆಗೆ ಈ ಸೌಲಭ್ಯವನ್ನು ಕಳೆದುಕೊಳ್ಳುವುದು ಜಾಣತನವಲ್ಲ. ಬ್ಯಾಂಕಿನ ಮೂಲಕವೇ ಪಾವತಿ ಮಾಡಿ. ಕನಿಷ್ಠ ಮೂರು ತಿಂಗಳ ಖಾತರಿಯನ್ನು, ಏನು ಕೆಟ್ಟರೆ ಏನು ಬದಲಿಸಿಕೊಡುವರೆಂಬ ವಿವರದೊಡನೆ, ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಮೊದಲ ದಿನದ ಕೆಲಸ

ಯಂತ್ರ ಅಂಗಡಿಗೆ ಬಂದ ದಿನ ಮೊದಲು ಮಾಡಬೇಕಾದುದು ಹೊಸ ಎಸ್‌ಎಸ್‌ಡಿ ಹಾಕಿಸುವುದು. ನನ್ನ ಅನುಭವದ ಸಾರವೆಲ್ಲ ಈ ಒಂದು ವಾಕ್ಯದಲ್ಲಿದೆ. 256 ಜಿಬಿ ಸಾಕು, 512 ಇದ್ದರೆ ನಿರಾಳ. ತಿರುಗುವ ಹಾರ್ಡ್‌ಡಿಸ್ಕ್‌ನ ಜಾಗಕ್ಕೆ ಎಸ್‌ಎಸ್‌ಡಿ ಬಂದೊಡನೆ ಹಳೆಯ ಯಂತ್ರದ ವೇಗವೂ ಹೊಸದರಂತಾಗುತ್ತದೆ. ತೆಗೆದ ಹಳೆಯ ಡಿಸ್ಕನ್ನು ಲೆಕ್ಕ ಇಡಲು ಎಂದೂ ಬಳಸಬೇಡಿ.

ಎರಡನೆಯದು, ವಿಂಡೋಸ್ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದು. ಮಾರಿದವರು ಹಾಕಿಕೊಟ್ಟದ್ದನ್ನು ನಂಬಿ ಕೆಲಸ ಪ್ರಾರಂಭಿಸಬಾರದು. ಅದರಲ್ಲಿ ನಕಲಿ ಪರವಾನಗಿಯನ್ನು ಸಕ್ರಿಯಗೊಳಿಸುವ ತಂತ್ರಾಂಶವೋ, ದೂರದಿಂದ ಯಂತ್ರವನ್ನು ನಿಯಂತ್ರಿಸುವ ತಂತ್ರಾಂಶವೋ ಇರಬಹುದು. ನಮ್ಮ ಬ್ಯಾಂಕ್ ವ್ಯವಹಾರ ನಡೆಯುವ ಯಂತ್ರದಲ್ಲಿ ಅಂತಹವಕ್ಕೆ ಸ್ಥಳವಿಲ್ಲ. 8 ಜಿಬಿ ಪೆನ್‌ಡ್ರೈವ್‌ನಲ್ಲಿ ಮೈಕ್ರೋಸಾಫ್ಟ್ ಜಾಲತಾಣದಿಂದಲೇ ವಿಂಡೋಸ್ 11 ಇಳಿಸಿಕೊಂಡು ಹಾಕಬಹುದು. ಕಂಪನಿ ತಯಾರಿಕೆಯ ಯಂತ್ರಗಳಲ್ಲಿ ಮೂಲ ಪರವಾನಗಿ ಸಂಖ್ಯೆ ಹೆಚ್ಚಾಗಿ ಮದರ್‌ಬೋರ್ಡ್‌ನಲ್ಲಿಯೇ ಅಡಕವಾಗಿರುತ್ತದೆ. ಹಾಗಿದ್ದರೆ ಅದೇ ಆವೃತ್ತಿ ಸ್ಥಾಪನೆಯಾಗಿ, ಅಂತರಜಾಲ ಸಿಕ್ಕೊಡನೆ ತಾನಾಗಿ ಸಕ್ರಿಯವಾಗುತ್ತದೆ. ಸ್ಥಾಪನೆಯ ನಡುವೆ ಯಾವುದೋ ಕಂಪನಿಯ ಹೆಸರು ಕಾಣಿಸಿಕೊಂಡು ಅಲ್ಲಿನ ಸಿಬ್ಬಂದಿಯ ಇ-ಮೇಲ್ ಕೇಳಿದರೆ, ಆ ಯಂತ್ರ ಇನ್ನೂ ಹಿಂದಿನ ಮಾಲೀಕರ ದಾಖಲೆಯಲ್ಲಿದೆ. ಹಾಗೆಯೇ ಮುಂದುವರಿಯದೆ ಮಾರಿದವರಿಗೆ ಹಿಂದಿರುಗಿಸಿ.

ಮೂರನೆಯದು, ನಮ್ಮ ಹಳೆಯ ತಂತ್ರಾಂಶಗಳ ವಿಚಾರ. ವಿಂಡೋಸ್ 11 ಕೇವಲ 64 ಬಿಟ್ ರೂಪದಲ್ಲಿದೆ. ಇಪ್ಪತ್ತು ವರ್ಷದ ಹಿಂದೆ ಯಾರೋ ಫಾಕ್ಸ್‌ಪ್ರೊದಲ್ಲಿ ಬರೆದುಕೊಟ್ಟ ಡಾಸ್ ಬಿಲ್ಲಿಂಗ್ ತಂತ್ರಾಂಶವನ್ನು ಇಂದಿಗೂ ಬಳಸುತ್ತಿರುವ ದಲ್ಲಾಳಿ ಅಂಗಡಿಗಳು ಹಲವು ಇವೆ. ಅದು ಹೊಸ ವ್ಯವಸ್ಥೆಯಲ್ಲಿ ನೇರವಾಗಿ ಓಡುವುದಿಲ್ಲ. ಯಂತ್ರ ಬದಲಿಸುವ ಮುನ್ನವೇ ಇದಕ್ಕೆ ದಾರಿ ಹುಡುಕಿಕೊಳ್ಳಬೇಕು. ಟ್ಯಾಲಿ ಬಳಸುವವರು ಹಳೆಯ ಯಂತ್ರದಲ್ಲಿ ಪರವಾನಗಿಯನ್ನು ಸರೆಂಡರ್ ಮಾಡಿ ಹೊಸದರಲ್ಲಿ ಸಕ್ರಿಯಗೊಳಿಸಬೇಕು. ನುಡಿ, ಬರಹ ಮುಂತಾದವುಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬರೆದಿಟ್ಟ ಕನ್ನಡ ಪತ್ರಗಳು ಆ ಅಕ್ಷರಗಳು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಂತೆ ಕಾಣುತ್ತವೆ. ಆ ತಂತ್ರಾಂಶವನ್ನೂ ಮರೆಯದೆ ಹಾಕಿಸಿ, ಹೊಸ ಪತ್ರಗಳನ್ನು ಯೂನಿಕೋಡ್‌ನಲ್ಲಿ ಬರೆಯುವ ರೂಢಿ ಮಾಡಿಕೊಳ್ಳಿ.

ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಮತ್ತು ಎಲೆಕ್ಟ್ರಾನಿಕ್ ತೂಕದ ಯಂತ್ರಗಳನ್ನು ಹಳೆಯ ಪ್ಯಾರಲಲ್ ಅಥವಾ ಸೀರಿಯಲ್ ಕಿಂಡಿಗೆ ಜೋಡಿಸುತ್ತಿದ್ದವರು ಅಂತಹ ಕಿಂಡಿ ಇರುವ ಯಂತ್ರವನ್ನೇ ಕೇಳಬಹುದು. ಇಲ್ಲವಾದರೆ ಯುಎಸ್‌ಬಿ ಪರಿವರ್ತಕ ಬೇಕಾಗುತ್ತದೆ. ಡಿಜಿಟಲ್ ಸಹಿಯ ಟೋಕನ್ನಿಗೂ ಅದರ ತಂತ್ರಾಂಶವನ್ನು ಹಾಕಿ, ವಿವರ ಸಲ್ಲಿಸುವ ಕೊನೆಯ ದಿನಕ್ಕಿಂತ ಮೊದಲೇ ಒಮ್ಮೆ ಪರೀಕ್ಷಿಸಿಕೊಳ್ಳಿ. ಕೊನೆಯದಾಗಿ, ಕೆಲಸ ಮಾಡುವ ಹುಡುಗರಿಗೆ ಅವರವರದೇ ಖಾತೆ ಮತ್ತು ಸಂಕೇತಪದ ಇರಲಿ. ಆಡಳಿತಾಧಿಕಾರದ ಖಾತೆ ಮಾಲೀಕರ ಬಳಿ ಇರಲಿ.

ವಿದ್ಯುತ್ತು ಮತ್ತು ಧೂಳು

ಹವಾನಿಯಂತ್ರಿತ ಕಚೇರಿಯಲ್ಲಿ ಬೆಳೆದ ಯಂತ್ರ ನಮ್ಮ ಅಕ್ಕಿ ಗಿರಣಿಗೋ ಎಂಜಿನಿಯರಿಂಗ್ ಷೆಡ್ಡಿಗೋ ಬಂದಾಗ ಅದಕ್ಕೆ ಹೊಸ ಶತ್ರುಗಳು ಎದುರಾಗುತ್ತಾರೆ. ಅದನ್ನು ನೆಲದ ಮೇಲಿಡದೆ, ಒಂದು ಅಡಿಯಾದರೂ ಎತ್ತರದಲ್ಲಿ, ಗೋಡೆಯಿಂದ ಅಂತರ ಬಿಟ್ಟು ಇಡಬೇಕು. ತೌಡು, ಹತ್ತಿಯ ನಾರು ಅಥವಾ ಕಬ್ಬಿಣದ ಪುಡಿ ಹಾರುವ ಸ್ಥಳದಲ್ಲಿ ತಿಂಗಳಿಗೊಮ್ಮೆ ಒಳಗಿನ ಧೂಳು ತೆಗೆಸುವುದು ಅವಶ್ಯ. ಕಬ್ಬಿಣದ ಪುಡಿ ವಿದ್ಯುತ್ ವಾಹಕವಾದ್ದರಿಂದ ಯಂತ್ರವನ್ನು ಲೇತ್ ಅಥವಾ ಗ್ರೈಂಡರ್ ಇರುವ ಕೋಣೆಯಲ್ಲಿ ಇಡಲೇಬಾರದು.

ಒಂದು ಯಂತ್ರ ಮತ್ತು ಮಾನಿಟರ್‌ಗೆ 600 ವಿಎ ಯುಪಿಎಸ್ ಸಾಮಾನ್ಯವಾಗಿ ಸಾಕು. ಕೆಲಸ ಉಳಿಸಿ ಯಂತ್ರವನ್ನು ಕ್ರಮಬದ್ಧವಾಗಿ ನಿಲ್ಲಿಸಲು ಕೆಲವು ನಿಮಿಷ ದೊರೆತರೆ ಅದರ ಉದ್ದೇಶ ಈಡೇರಿತು. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬಾರದು, ಅದು ಒಮ್ಮೆಲೇ ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ ತಾಳಲಾರದು. ಅರ್ಥಿಂಗ್ ಸರಿಯಿದೆಯೇ ಎಂದು ವಿದ್ಯುತ್ ಕೆಲಸಗಾರರಿಂದ ಪರೀಕ್ಷೆ ಮಾಡಿಸಿ. ಗುಡುಗು ಸಿಡಿಲಿನ ದಿನಗಳಲ್ಲಿ ವಿದ್ಯುತ್ ತಂತಿಯೊಡನೆ ನೆಟ್‌ವರ್ಕ್ ತಂತಿಯನ್ನೂ ಕಿತ್ತಿಡಬೇಕು. ಎಷ್ಟೋ ಯಂತ್ರಗಳು ಸುಟ್ಟಿರುವುದು ಈ ಎರಡನೆಯ ದಾರಿಯಿಂದ.

ಲೆಕ್ಕದ ಪ್ರತಿ: ಮೂರು ಕಡೆ

ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ, ಆಯಾ ವರ್ಷದ ವಾರ್ಷಿಕ ವಿವರ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಲೆಕ್ಕಪತ್ರಗಳನ್ನು ಕಾಪಾಡಬೇಕು. ಕಂಪನಿಯಾಗಿ ನೋಂದಾಯಿಸಿಕೊಂಡವರಿಗೆ ಈ ಅವಧಿ ಎಂಟು ವರ್ಷ. ಅವರ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯೂ ದಾಖಲಾಗಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ಹೊಸದಾಗಲಿ, ಹಳೆಯದಾಗಲಿ, ಯಾವ ಯಂತ್ರವೂ ಅಷ್ಟು ವರ್ಷ ಬಾಳುವ ಭರವಸೆ ಕೊಡುವುದಿಲ್ಲ. ಬಾಳಬೇಕಾದುದು ಲೆಕ್ಕ.

ನಮ್ಮ ಅಂಗಡಿಯಲ್ಲಿ ಈಗ ಅನುಸರಿಸುವ ಕ್ರಮ ಹೀಗಿದೆ. ಒಂದು ಪ್ರತಿ ಯಂತ್ರದಲ್ಲಿ. ಎರಡನೆಯದು ಪೆನ್‌ಡ್ರೈವ್‌ನಲ್ಲಿ. ಸೋಮವಾರದಿಂದ ಶನಿವಾರದವರೆಗೆ ಆರು ಪೆನ್‌ಡ್ರೈವ್‌ಗಳಿಗೆ ವಾರದ ಹೆಸರು ಬರೆದಿಟ್ಟಿದ್ದೇವೆ, ಆಯಾ ದಿನದ್ದು ರಾತ್ರಿ ನನ್ನೊಡನೆ ಮನೆಗೆ ಬರುತ್ತದೆ. ಮೂರನೆಯದು ಅಂತರಜಾಲದ ಸಂಗ್ರಹದಲ್ಲಿ, ಸಂಕೇತಪದದ ರಕ್ಷಣೆಯೊಡನೆ. ಪೆನ್‌ಡ್ರೈವ್ ಅನ್ನು ಯಂತ್ರಕ್ಕೆ ಸದಾ ಸಿಕ್ಕಿಸಿ ಬಿಡುವುದಿಲ್ಲ. ಕಡತಗಳನ್ನು ಬೀಗ ಹಾಕಿ ಹಣ ಕೇಳುವ ದುಷ್ಟ ತಂತ್ರಾಂಶ ನುಗ್ಗಿದರೆ ಸಿಕ್ಕಿಸಿದ ಪ್ರತಿಯೂ ಅದರ ಪಾಲಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ತೆಗೆದ ಪ್ರತಿಯನ್ನು ತಿಂಗಳಿಗೊಮ್ಮೆ ಎರಡನೆಯ ಯಂತ್ರದಲ್ಲಿ ತೆರೆದು, ಹಿಂದಿನ ದಿನದ ನಗದು ಶಿಲ್ಕು ತಾಳೆಯಾಗುತ್ತದೆಯೇ ಎಂದು ನೋಡುತ್ತೇವೆ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬಲಾಗದು.

ಹಳೆಯದನ್ನು ಬಿಡುವಾಗ

ಹೊಸದಾಗಿ ತಂದ ಯಂತ್ರದ ಬದಲಿಗೆ ನಮ್ಮ ಹಳೆಯದನ್ನು ಮಾರುವ ಸಂದರ್ಭವೂ ಬರುತ್ತದೆ. ಕಡತಗಳನ್ನು ಅಳಿಸಿದ ಮಾತ್ರಕ್ಕೆ ಅವು ಹೋಗುವುದಿಲ್ಲ. ಗಿರಾಕಿಗಳ ಬಾಕಿ, ಖರೀದಿ ದರ, ಬ್ಯಾಂಕ್ ವಿವರಗಳು ಪ್ರತಿಸ್ಪರ್ಧಿಯ ಕೈ ಸೇರಬಾರದೆಂದಿದ್ದರೆ ಡಿಸ್ಕನ್ನು ಪೂರ್ತಿ ಅಳಿಸುವ ತಂತ್ರಾಂಶದಿಂದ ಶುದ್ಧಗೊಳಿಸಿ, ಅಥವಾ ಡಿಸ್ಕನ್ನು ತೆಗೆದಿಟ್ಟುಕೊಂಡು ಉಳಿದುದನ್ನು ಮಾರಿ. ದುರಸ್ತಿಗೆ ಮೀರಿದ್ದನ್ನು ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ಕೊಡಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಆಶಯವೂ ಅದೇ.

ಕೊನೆಯ ಲೆಕ್ಕ

ಬೆಲೆಗಳು ವಾರದಿಂದ ವಾರಕ್ಕೆ ಬದಲಾಗುವುದರಿಂದ ಇಲ್ಲಿ ಅಂಕಿಗಳನ್ನು ಕೊಟ್ಟಿಲ್ಲ. ನಾನು ಬಳಸುವ ಒಂದು ಅಳತೆಗೋಲನ್ನು ಮಾತ್ರ ಹೇಳುತ್ತೇನೆ. ಬಳಸಿದ ಯಂತ್ರದ ಬೆಲೆಗೆ ಹೊಸ ಎಸ್‌ಎಸ್‌ಡಿ, ಯುಪಿಎಸ್, ಪ್ರತಿ ತೆಗೆಯಲು ಬೇಕಾದ ಪೆನ್‌ಡ್ರೈವ್‌ಗಳು ಹಾಗೂ ಪರಿವರ್ತಕಗಳ ಬೆಲೆಯನ್ನು ಸೇರಿಸಿ. ಒಟ್ಟು ಮೊತ್ತ ಇವೆಲ್ಲವೂ ಸೇರಿದ ಹೊಸ ಯಂತ್ರದ ವೆಚ್ಚದ ಅರ್ಧದೊಳಗೆ ಇದ್ದರೆ ಬಳಸಿದ್ದನ್ನು ಕೊಳ್ಳಿ. ಮುಕ್ಕಾಲು ಮುಟ್ಟಿದರೆ ಹೊಸದನ್ನೇ ಕೊಳ್ಳಿ. ನಡುವೆ ಇದ್ದರೆ, ಕೆಟ್ಟ ದಿನ ಅರ್ಧ ಗಂಟೆಯಲ್ಲಿ ಬಂದು ನೋಡುವ ದುರಸ್ತಿಗಾರ ನಮ್ಮ ಊರಿನಲ್ಲಿ ಇದ್ದಾನೆಯೇ ಎಂಬುದೇ ತೀರ್ಮಾನಿಸಲಿ. ವಿನ್ಯಾಸ ಚಿತ್ರಗಳನ್ನು ಬರೆಯುವ ಅಥವಾ ಇಡೀ ಕಾರ್ಖಾನೆಯ ದಾಸ್ತಾನನ್ನು ಒಂದೇ ಸರ್ವರ್‌ನಲ್ಲಿ ಇಡುವ ಸದಸ್ಯರು ಆ ಒಂದು ಯಂತ್ರವನ್ನಾದರೂ ಪೂರ್ಣ ಖಾತರಿಯೊಡನೆ ಹೊಸದಾಗಿ ಕೊಳ್ಳುವುದು ಕ್ಷೇಮ.

ಈ ಲೇಖನವನ್ನು ಓದಿದ ಸದಸ್ಯರು ಇಂದು ಸಂಜೆ ಬಾಗಿಲು ಹಾಕುವ ಮುನ್ನ ಒಂದು ಕೆಲಸ ಮಾಡಬೇಕೆಂದು ವಿನಂತಿ. ನಿಮ್ಮ ಯಂತ್ರ ಹೊಸದೋ ಹಳೆಯದೋ ಇರಲಿ, ಲೆಕ್ಕದ ಕೊನೆಯ ಪ್ರತಿ ಎಲ್ಲಿದೆ ಎಂದು ನಿಮ್ಮ ಗುಮಾಸ್ತರನ್ನು ಕೇಳಿ. “ಇದರಲ್ಲೇ ಇದೆ” ಎಂದು ಅವರು ಯಂತ್ರದ ಕಡೆ ಕೈ ತೋರಿಸಿದರೆ, 2019ರ ನವೆಂಬರ್ 17ರ ಸಂಜೆ ನಾನಿದ್ದ ಸ್ಥಿತಿಯಲ್ಲಿಯೇ ನೀವೂ ಇದ್ದೀರಿ. ಒಂದು ಪೆನ್‌ಡ್ರೈವ್ ತರಿಸಿ ಪ್ರತಿ ತೆಗೆಸಿದ ಮೇಲೆಯೇ ಬಾಗಿಲು ಹಾಕಿ.